ಸಾಗುವಾನಿ ಬಾಗಿಲಿನ ಎಂಜಿ

ನಮ್ಮ ಹಳೇ ಎಂಜಿ ಕಾರಿನ ಎಡಗಡೆ ಬಾಗಿಲಿನ ಒಳಗೆ ಸಾಗುವಾನಿ ಇದೆ. ಬಲಗಡೆಯದರಲ್ಲಿ ಆ್ಯಶ್ ಮರ. ಹೊರಗಿನಿಂದ ಎರಡೂ ಒಂದೇ ತರ, ಹಸಿರು ಬಣ್ಣ ಹೊಡೆದ ತಗಡು. ಒಳಗಿನ ರೆಕ್ಸಿನ್ ಬಿಚ್ಚಿದರೆ ಮಾತ್ರ ವ್ಯತ್ಯಾಸ ಗೊತ್ತಾಗುತ್ತದೆ. ಆ್ಯಶ್ ಬಿಳಿಚಿಕೊಂಡಿದೆ, ಅಂಚಿನಲ್ಲಿ ಸ್ವಲ್ಪ ಪುಡಿ ಉದುರುತ್ತದೆ. ಸಾಗುವಾನಿ ಕಂದು ಬಣ್ಣ, ಗಟ್ಟಿ, ಮೂಗು ಹತ್ತಿರ ತಂದರೆ ಈಗಲೂ ಸಣ್ಣಗೆ ಎಣ್ಣೆ ವಾಸನೆ. ಕೂರಿಸಿದ್ದು ಹಿತ್ತಾಳೆ ಸ್ಕ್ರೂ ಹಾಕಿ. ಪ್ರತಿ ಸ್ಕ್ರೂವಿನ ತಲೆಯ ಸೀಳೂ ಒಂದೇ ದಿಕ್ಕಿಗೆ ನಿಂತಿದೆ. ರೆಕ್ಸಿನ್ ಮುಚ್ಚಿದ ಮೇಲೆ ಯಾರಿಗೂ ಕಾಣದ ಜಾಗ ಅದು. ಆದರೂ ನಮ್ಮ ತೋಟದ ಆಚಾರಿ ಹಾಗೆ ನಿಲ್ಲಿಸಿದ್ದಾರೆ.

ಗಾಡಿ 1951ರ ಎಂಜಿ ಟಿಡಿ, ಸ್ಪೋರ್ಟ್ಸ್ ಕಾರು. ಇಂಗ್ಲೆಂಡಿನ ಆಬಿಂಗ್ಡನ್ ಕಾರ್ಖಾನೆಯಲ್ಲಿ 1949ರ ಕೊನೆಯಿಂದ 1953ರವರೆಗೆ ಇಂಥವು 30 ಸಾವಿರಕ್ಕೆ ಸ್ವಲ್ಪ ಕಮ್ಮಿ ತಯಾರಾದವು. ಬಹುಪಾಲು ಅಮೆರಿಕಕ್ಕೆ ಹೋದವು. ನಮ್ಮದು ಚಿಕ್ಕಮಗಳೂರು ಜಿಲ್ಲೆಯ ಆಲ್ದೂರು ಕಡೆಯ ತೋಟವೊಂದರ ಇಂಗ್ಲಿಷ್ ಮ್ಯಾನೇಜರನದ್ದು. ಅವನು ಊರು ಬಿಡುವಾಗ ದೊಡ್ಡಪ್ಪ ಕೊಂಡರು. "ಇಬ್ಬರೇ ಕೂರೋ ಗಾಡಿ ಕಟ್ಕೊಂಡು ಏನ್ ಮಾಡ್ತೀರಿ, ಮಕ್ಕಳನ್ನ ಎಲ್ಲಿ ಕೂರಿಸ್ತೀರಿ" ಅಂತ ದೊಡ್ಡಮ್ಮ ಕೇಳಿದರಂತೆ. ದೊಡ್ಡಪ್ಪ ಸೀಟಿನ ಹಿಂದೆ ಸಾಮಾನು ಇಡುವ ಜಾಗದಲ್ಲೇ ನಮ್ಮನ್ನೆಲ್ಲ ತುಂಬಿಕೊಂಡು ಓಡಾಡಿಸಿದರು. ಈಗಿನ ಪೊಲೀಸರು ನೋಡಿದ್ದರೆ ಗಾಡಿ ಒಳಗೆ ಹಾಕುತ್ತಿದ್ದರು.

ಟಿಡಿಯ ಚಾಸಿ ಕಬ್ಬಿಣ, ಆದರೆ ಬಾಡಿಯ ಒಳಗೆ ಮರದ ಚೌಕಟ್ಟು. ಅದರ ಮೇಲೆ ತಗಡು ಹೊದಿಸಿರುತ್ತಾರೆ. ಇಂಗ್ಲೆಂಡಿನಲ್ಲಿ ಅದಕ್ಕೆ ಆ್ಯಶ್ ಬಳಸಿದರು. ಬಾಗುತ್ತದೆ, ಸುಲಭಕ್ಕೆ ಮುರಿಯುವುದಿಲ್ಲ, ಅಲ್ಲಿ ಬೇಕಾದಷ್ಟು ಸಿಗುತ್ತದೆ. ಆದರೆ ನಮ್ಮ ಮಳೆ ಅದಕ್ಕೆ ಗೊತ್ತಿರಲಿಲ್ಲ. ಜೂನ್‌ನಲ್ಲಿ ಶುರುವಾದರೆ ಸೆಪ್ಟೆಂಬರ್ ತನಕ ಗೋಡೆಯೇ ಬೆವರುವ ಊರು ಇದು. ಬಾಗಿಲ ಕೆಳಗಿನ ಪಟ್ಟಿ ನೀರು ಕುಡಿದು ಕುಡಿದು ಮೆತ್ತಗಾಯಿತು, ಒಂದು ದಿನ ಕೀಲು ಸಮೇತ ಬಾಗಿಲೇ ಜೋತುಬಿತ್ತು. ಇಂಗ್ಲೆಂಡಿಗೆ ಕಾಗದ ಬರೆದು ಮರ ತರಿಸುವ ಕಾಲ ಅದಲ್ಲ. ಮನೆ ಕೆಲಸಕ್ಕೆ ಅಂತ ಇಟ್ಟಿದ್ದ ಸಾಗುವಾನಿ ತುಂಡು ಆಚಾರಿಯ ಕೈಗೆ ಸಿಕ್ಕಿತು. ಹಳೇ ಪಟ್ಟಿಯನ್ನೇ ಅಚ್ಚಿಟ್ಟುಕೊಂಡು ಕೊಯ್ದರು. ಬಾಗಿಲು ಇವತ್ತಿಗೂ ಜಗ್ಗಿಲ್ಲ.

ಗಾಡಿ ನನ್ನ ಪಾಲಿಗೆ ಬಂದ ಮೇಲೆ ಅದನ್ನು ನೋಡಲು ಇಬ್ಬರು ಬಂದರು. ಮೊದಲನೆಯವರು ಬೆಂಗಳೂರಿನಲ್ಲಿ ಹಳೇ ಕಾರು ರೆಸ್ಟೋರ್ ಮಾಡುವವರು. ಕೈಯಲ್ಲಿ ಟಾರ್ಚು, ತಲೆಯಲ್ಲಿ ಟಿಡಿಯ ಇಡೀ ಚರಿತ್ರೆ. ಸಾಗುವಾನಿ ನೋಡಿದ ಕೂಡಲೇ ಮುಖ ಸಿಂಡರಿಸಿದರು. "ಇದನ್ನೆಲ್ಲ ಕಿತ್ತು ಹಾಕಿ, ಅಲ್ಲಿಂದ ಆ್ಯಶ್ ಕಿಟ್ ತರಿಸೋಣ. ಆಗ ಒರಿಜಿನಲ್ ಆಗುತ್ತೆ" ಅಂದರು. ಎರಡನೆಯವರು ನಮ್ಮೂರಿನ ಮೇಸ್ತ್ರಿ. ಜೀಪು, ಅಂಬಾಸಿಡರು, ಟಿಲ್ಲರು ಎಲ್ಲವನ್ನೂ ಬಿಚ್ಚಿ ಜೋಡಿಸಿದ ಕೈ. ಅವರು ಬಾಗಿಲು ನೋಡಲೇ ಇಲ್ಲ, ಬಾನೆಟ್ ಎತ್ತಿದರು. "ಸಾರ್, ಸುಮ್ನೆ ತಲೆ ಕೆಡಿಸ್ಕೋಬೇಡಿ. ಇದನ್ನ ಇಳಿಸಿ ಅಂಬಾಸಿಡರ್ ಇಂಜಿನ್ ಕೂರಿಸಿಬಿಡೋಣ. ಸಾಮಾನು ಎಲ್ಲಿ ಬೇಕಾದ್ರೂ ಸಿಗುತ್ತೆ."

ಮೇಸ್ತ್ರಿ ಹೇಳಿದ್ದು ತಲೆಬುಡ ಇಲ್ಲದ ಮಾತಲ್ಲ. ಅಂಬಾಸಿಡರಿನ ಹಳೇ 1,489 ಸಿಸಿ ಪೆಟ್ರೋಲ್ ಇಂಜಿನ್ ಬ್ರಿಟಿಷ್ ಬಿ-ಸೀರೀಸ್ ಕುಟುಂಬದ್ದು. ಟಿಡಿ, ಅದರ ನಂತರದ ಟಿಎಫ್ ಮುಗಿದ ಮೇಲೆ 1955ರಲ್ಲಿ ಬಂದ ಎಂಜಿಎ ಕಾರಿಗೂ ಅದೇ ಕುಟುಂಬದ, ಅದೇ 1,489 ಸಿಸಿಯ ಇಂಜಿನ್. ಆಮೇಲಿನ ಎಂಜಿಬಿಗೆ ಅದನ್ನೇ 1,798 ಸಿಸಿಗೆ ಹಿಗ್ಗಿಸಿದರು. ಅಂದರೆ ನಮ್ಮ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ನಿಲ್ಲುತ್ತಿದ್ದ ಅಂಬಾಸಿಡರು ಇಂಗ್ಲೆಂಡಿನ ಸ್ಪೋರ್ಟ್ಸ್ ಕಾರಿಗೆ ದಾಯಾದಿ. ನಮ್ಮ ದೇಶದಲ್ಲಿ ಎಷ್ಟೋ ಹಳೇ ಗಾಡಿಗಳು ಗುಜರಿ ಸೇರದೆ ಉಳಿದದ್ದು ಇಂಥ ಇಂಜಿನ್ ಬದಲಾವಣೆಯಿಂದಲೇ. ಹಾಗೆ ಮಾಡಿದವರನ್ನು ನಾನು ಬೈಯಲಾರೆ. ಓಡದೆ ಕೊಟ್ಟಿಗೆಯಲ್ಲಿ ಕೋಳಿ ಮಲಗುವ ಜಾಗ ಆಗಿದ್ದ ಒರಿಜಿನಲ್ ಗಾಡಿಗಳನ್ನೂ ನೋಡಿದ್ದೇನೆ.

ಆದರೆ ಟಿಡಿಯಲ್ಲಿ ಇರುವುದು ಬೇರೆ ಇಂಜಿನ್. 1,250 ಸಿಸಿಯ ಎಕ್ಸ್‌ಪಿಎಜಿ. ಇದರ ಮೇಲೆ ನನಗೆ ಸ್ವಲ್ಪ ಹುಚ್ಚು ಇದೆ ಅಂತ ಮನೆಯಲ್ಲಿ ಎಲ್ಲರಿಗೂ ಗೊತ್ತು. ಇದರ ಬೋಲ್ಟುಗಳದ್ದೇ ಒಂದು ಕಥೆ. ಮರೆ, ಅಂದರೆ ತಿರುಪಿನ ಸುತ್ತು, ಮಿಲಿಮೀಟರ್ ಅಳತೆಯದ್ದು, ತಲೆ ಮಾತ್ರ ಇಂಗ್ಲಿಷರ ವಿಟ್ವರ್ತ್ ಅಳತೆಯದ್ದು. ಫ್ರಾನ್ಸಿನ ಹಾಚ್ಕಿಸ್ ಕಂಪನಿ ಇಂಗ್ಲೆಂಡಿನ ಕಾವೆಂಟ್ರಿಯಲ್ಲಿ ಇಂಜಿನ್ ಕಾರ್ಖಾನೆ ಇಟ್ಟಿತ್ತು, ಅಲ್ಲಿನ ಯಂತ್ರಗಳೆಲ್ಲ ಮೆಟ್ರಿಕ್. ಅದನ್ನು, ಆಮೇಲೆ ಎಂಜಿಗೆ ಇಂಜಿನ್ ಮಾಡಿಕೊಟ್ಟ ಮಾರಿಸ್ ಕಂಪನಿ ಕೊಂಡುಕೊಂಡಿತು. ಮರೆ ಕೊರೆಯುವ ಯಂತ್ರ ಬದಲಿಸಿದರೆ ಖರ್ಚು. ಅದಕ್ಕೆ ಮರೆ ಹಾಗೇ ಇಟ್ಟು, ಇಂಗ್ಲಿಷ್ ಮೆಕ್ಯಾನಿಕ್ಕಿನ ಕೈಯಲ್ಲಿದ್ದ ಸ್ಪ್ಯಾನರಿಗೆ ಹೊಂದುವ ಹಾಗೆ ತಲೆ ಮಾತ್ರ ಬದಲಿಸಿದರು. ಮೂವತ್ತು ವರ್ಷ ಆದ ಮೇಲೂ ಎಂಜಿ ಇಂಜಿನಿನಲ್ಲಿ ಅದೇ ಪದ್ಧತಿ. ನಮ್ಮ ಮೇಸ್ತ್ರಿ ಮೊದಲ ಸಲ ಇದಕ್ಕೆ ಕೈ ಹಾಕಿದಾಗ ಎಂಎಂ ಸ್ಪ್ಯಾನರ್ ಕೂರಲಿಲ್ಲ. ಹಾಗಾದರೆ ಇಂಗ್ಲಿಷ್ ಮರೆ ಇರಬೇಕು ಅಂತ ಆ ನಟ್ಟು ತಂದು ತಿರುಗಿಸಿದರು. ಅದೂ ಕೂರಲಿಲ್ಲ. "ಈ ದೊರೆಗಳು ಕುಡಿದು ಮಾಡಿದಾರೆ ಸಾರ್ ಇದನ್ನ" ಅಂದರು.

ಒರಿಜಿನಲ್ ಅಂತ ನಾವು ಪೂಜೆ ಮಾಡುವ ವಸ್ತುವೇ ಹೀಗೆ ಒಬ್ಬರ ಯಂತ್ರ, ಇನ್ನೊಬ್ಬರ ಸ್ಪ್ಯಾನರ್, ಮತ್ತೊಬ್ಬರ ಜೇಬು ಎಲ್ಲ ಸೇರಿ ಆದ ಹೊಂದಾಣಿಕೆ. ಅಷ್ಟೇ ಅಲ್ಲ, ಈ ಇಂಜಿನನ್ನು ಹೇಗೆಲ್ಲ ಬದಲಿಸಬಹುದು ಅಂತ ಎಂಜಿ ಕಾರ್ಖಾನೆಯೇ ಪುಸ್ತಕ ಅಚ್ಚು ಹಾಕಿಸಿ ಗಿರಾಕಿಗಳಿಗೆ ಕೊಡುತ್ತಿತ್ತು. ಹೆಡ್ ಎಷ್ಟು ತರಿದರೆ ಕಂಪ್ರೆಷನ್ ಎಷ್ಟು ಏರುತ್ತದೆ, ದೊಡ್ಡ ಕಾರ್ಬುರೇಟರ್ ಹಾಕಿದರೆ ಏನಾಗುತ್ತದೆ, ಸೂಪರ್‌ಚಾರ್ಜರ್ ಕೂರಿಸುವುದು ಹೇಗೆ, ಎಲ್ಲ ಹಂತ ಹಂತವಾಗಿ. 1951ರಲ್ಲಿ ಆಬಿಂಗ್ಡನ್ನಿನವರಿಗೆ ಯಾವ ಮಡಿಯೂ ಇರಲಿಲ್ಲ. ಮಡಿ ಶುರುವಾದದ್ದು ಗಾಡಿಗೆ ಬೆಲೆ ಬಂದ ಮೇಲೆ.

ಕಾರ್ಬುರೇಟರ್ ವಿಷಯಕ್ಕೆ ಬಂದರೆ ನಮ್ಮೂರಿನ ಎತ್ತರವನ್ನೂ ಲೆಕ್ಕಕ್ಕೆ ತಗೋಬೇಕು. ಟಿಡಿಗೆ ಎರಡು ಎಸ್‌ಯು ಕಾರ್ಬುರೇಟರ್. ಒಳಗೆ ಹಿತ್ತಾಳೆಯ ಒಂದು ಸೂಜಿ, ಪೆಟ್ರೋಲ್ ಎಷ್ಟು ಹೋಗಬೇಕು ಅನ್ನುವುದನ್ನು ನಿರ್ಧರಿಸುವುದು ಅದರ ಚೂಪು. ಆ ಸೂಜಿಯ ಅಳತೆ ಇಟ್ಟದ್ದು ಇಂಗ್ಲೆಂಡಿನ ತಗ್ಗು ಬಯಲಿಗೆ. ಚಿಕ್ಕಮಗಳೂರು ಪೇಟೆಯೇ ಸಾವಿರ ಮೀಟರಿಗಿಂತ ಮೇಲೆ. ಮುಳ್ಳಯ್ಯನಗಿರಿ 1,930 ಮೀಟರ್. ಮೇಲೆ ಹೋದಷ್ಟೂ ಗಾಳಿ ತೆಳು, ಪೆಟ್ರೋಲ್ ಮಾತ್ರ ಅಷ್ಟೇ ಬರುತ್ತದೆ. ಇಂಜಿನ್ ಕಪ್ಪು ಹೊಗೆ ಬಿಟ್ಟು ಕೆಮ್ಮುತ್ತದೆ, ಪ್ಲಗ್ಗು ಮಸಿ ಹಿಡಿಯುತ್ತದೆ. ಇದು ಕಾರ್ಖಾನೆಯವರಿಗೆ ಗೊತ್ತಿಲ್ಲದ್ದೇನಲ್ಲ. ಪೆಟ್ರೋಲ್ ಕಮ್ಮಿ ಬಿಡುವ, ಜಾಸ್ತಿ ಬಿಡುವ ಬೇರೆ ಸೂಜಿಗಳನ್ನೂ ಅವರೇ ಕೊಡುತ್ತಿದ್ದರು. ಹಾಗಾದರೆ ಚಿಕ್ಕಮಗಳೂರಿನಲ್ಲಿ ಇರುವ ಟಿಡಿಗೆ ಯಾವ ಸೂಜಿ ಸರಿ? ಅಲ್ಲಿ ಹಾಕಿ ಕಳಿಸಿದ್ದಾ, ಇಲ್ಲಿಗೆ ಹೊಂದುವುದಾ?

ಇದರ ಮೇಲೆ ಈಗ ಎಥನಾಲ್ ಬಂದು ಕೂತಿದೆ. 2023ರಲ್ಲಿ ಶುರುವಾದ ಶೇಕಡಾ 20ರ ಎಥನಾಲ್ ಪೆಟ್ರೋಲ್ ಈಗ ಎಲ್ಲ ಕಡೆ ಬಂದಿದೆ. ಎಥನಾಲ್ ಬೆರೆತರೆ ಅದೇ ಗಾಳಿಗೆ ಪೆಟ್ರೋಲ್ ಜಾಸ್ತಿ ಬೇಕಾಗುತ್ತದೆ. ಎತ್ತರ ಹೋದರೆ ಕಮ್ಮಿ ಬೇಕು, ಎಥನಾಲ್ ಬೆರೆತರೆ ಜಾಸ್ತಿ ಬೇಕು. ಒಂದರ ತಪ್ಪನ್ನು ಇನ್ನೊಂದು ಸ್ವಲ್ಪ ಮುಚ್ಚಿಹಾಕುತ್ತದೆ. ಸರ್ಕಾರ ನನ್ನ ಕಾರ್ಬುರೇಟರ್ ಟ್ಯೂನ್ ಮಾಡಿಕೊಟ್ಟಿದೆ ಅಂತ ಮೇಸ್ತ್ರಿ ಹತ್ತಿರ ಹೇಳಿದರೆ ಅವರು ನಗಲಿಲ್ಲ. ಯಾಕೆಂದರೆ ಅದೇ ಎಥನಾಲ್ ಹಳೇ ರಬ್ಬರನ್ನು ತಿನ್ನುತ್ತದೆ. ಗಾಳಿಯ ತೇವವನ್ನೂ ಎಳೆದುಕೊಳ್ಳುತ್ತದೆ. ನಮ್ಮ ಮಳೆಗಾಲದಲ್ಲಿ ತಿಂಗಳುಗಟ್ಟಲೆ ನಿಂತ ಗಾಡಿಯ ಟ್ಯಾಂಕಿನ ತಳದಲ್ಲಿ ತುಕ್ಕು ಕಟ್ಟಲು ಇಷ್ಟು ಸಾಕು. ಪೆಟ್ರೋಲ್ ಪೈಪುಗಳನ್ನೆಲ್ಲ ಎಥನಾಲ್ ತಡೆಯುವ ರಬ್ಬರಿಗೆ ಬದಲಿಸಿದ್ದೇನೆ. ಹಳೇ ಪೈಪು ಇಟ್ಟುಕೊಂಡು ಒರಿಜಿನಲ್ ಅಂತ ಹೇಳಿಕೊಂಡು ತಿರುಗುವುದು ಬೆಂಕಿ ಜೊತೆ ಸರಸ.

ವಾಲ್ವ್ ಸೀಟಿನದ್ದು ಇನ್ನೊಂದು. ಹಿಂದೆ ಪೆಟ್ರೋಲಿಗೆ ಸೀಸ ಬೆರೆಸುತ್ತಿದ್ದರು, ಅದು ಎಕ್ಸಾಸ್ಟ್ ವಾಲ್ವು ಕೂರುವ ಜಾಗ ಸವೆಯದ ಹಾಗೆ ಕಾಯುತ್ತಿತ್ತು. ನಮ್ಮ ದೇಶದಲ್ಲಿ 2000ದ ಫೆಬ್ರುವರಿಯಿಂದ ಸೀಸದ ಪೆಟ್ರೋಲ್ ಪೂರ್ತಿ ನಿಂತಿತು. ಒಳ್ಳೆಯದೇ ಆಯಿತು, ಮಕ್ಕಳು ಉಸಿರಾಡುವ ಗಾಳಿ ಅಲ್ವಾ. ಆದರೆ ಬೀಡು ಕಬ್ಬಿಣದ ಹಳೇ ಹೆಡ್ಡಿನಲ್ಲಿ ವಾಲ್ವು ತನ್ನ ಸೀಟನ್ನು ತಾನೇ ಕುಟ್ಟಿ ಒಳಗೆ ಇಳಿಯತೊಡಗುತ್ತದೆ. ಹೆಡ್ಡನ್ನು ಹಾಸನಕ್ಕೆ ಕಳಿಸಿ, ಸೀಟಿನ ಜಾಗ ಕೊರೆಸಿ, ಗಟ್ಟಿ ಉಕ್ಕಿನ ಬಳೆ ಕೂರಿಸಿದೆ. ಇದೇ ಹೊತ್ತಿಗೆ ಹಿಂದಿನ ಆಯಿಲ್ ಸೀಲನ್ನೂ ಹೊಸ ತರದ್ದು ಹಾಕಿಸಿದೆ. ಟಿಡಿಯಲ್ಲಿ ಅಲ್ಲಿ ನಿಜವಾದ ಸೀಲೇ ಇಲ್ಲ. ಕ್ರ್ಯಾಂಕಿನ ಮೇಲೆ ಕೊರೆದ ಮರೆ ತಿರುಗುವಾಗ ಎಣ್ಣೆಯನ್ನು ವಾಪಸ್ ಇಂಜಿನ್ ಒಳಕ್ಕೆ ತಳ್ಳುತ್ತದೆ, ನಿಂತಾಗ ಸೋರುತ್ತದೆ. ಹೊಸ ಸೀಲ್ ಹಾಕಿದ ಮೇಲೂ ಸೋರುತ್ತದೆ, ಕಮ್ಮಿ ಅಷ್ಟೇ.

ಹಳೇ ಕಾರಿನವರ ನಡುವೆ ಎಲ್ಲರೂ ಒಪ್ಪುವ ಒಂದು ಸೂತ್ರ ಇದೆ. ಏನು ಬೇಕಾದರೂ ಬದಲಿಸು, ಆದರೆ ವಾಪಸ್ ಮೊದಲಿನ ಹಾಗೆ ಮಾಡಲು ಬರಬೇಕು. ತೂತು ಕೊರೆಯಬೇಡ, ಕೊಯ್ಯಬೇಡ, ಬಿಚ್ಚಿದ ಸಾಮಾನು ಎತ್ತಿಡು. ಕೇಳಲು ಬಹಳ ಚೆಂದ. ನಾನು ಇದನ್ನು ನಂಬುವುದಿಲ್ಲ. ಮೊದಲನೆಯದಾಗಿ, ಅಟ್ಟಕ್ಕೆ ಏರಿಸಿದ ಸಾಮಾನು ಕೆಳಗೆ ಇಳಿದದ್ದನ್ನು ನಮ್ಮ ಮನೆಯಲ್ಲಿ ಯಾರೂ ನೋಡಿಲ್ಲ. ದೊಡ್ಡಪ್ಪ ಬಿಚ್ಚಿಟ್ಟ ಸೈಡ್ ಸ್ಕ್ರೀನುಗಳು, ಅಂದರೆ ಬಾಗಿಲ ಮೇಲೆ ಸಿಕ್ಕಿಸುವ ಕಿಟಕಿಗಳು, ಅಟ್ಟದಲ್ಲಿದ್ದವು, ಅವು ಯಾವ ವರ್ಷ ಯಾವ ಒಲೆ ಸೇರಿದವೋ. ವಾಪಸ್ ಮಾಡಬಹುದು ಅನ್ನುವುದು ಬದಲಿಸುವವನ ಸಮಾಧಾನಕ್ಕೆ ಇರುವ ಮಾತು. ಎರಡನೆಯದು, ಆ ಲೆಕ್ಕದಲ್ಲಿ ನಾನು ಮಾಡಿಸಿದ ವಾಲ್ವ್ ಸೀಟು ಮಹಾಪಾಪ, ಕೊರೆದದ್ದು ಮತ್ತೆ ತುಂಬುವುದಿಲ್ಲ. ಐದು ಗೇರಿನ ಬಾಕ್ಸು ಹಾಕಿದರೆ ತಪ್ಪಿಲ್ಲ, ನಾಲ್ಕು ಬೋಲ್ಟು ಬಿಚ್ಚಿದರೆ ಹೊರಗೆ. ನನಗೆ ಇದು ಪೂರ್ತಿ ತಲೆಕೆಳಗಾಗಿ ಕಾಣುತ್ತದೆ.

ಯಾಕೆಂದರೆ ವಾಲ್ವ್ ಸೀಟು ಬದಲಿಸಿದ್ದು ಗಾಡಿ ಓಡಿಸುವವನಿಗೆ ಗೊತ್ತೇ ಆಗುವುದಿಲ್ಲ. ಗೇರ್‌ಬಾಕ್ಸ್ ಬದಲಿಸಿದರೆ ಗಾಡಿಯೇ ಬೇರೆ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಟಿಡಿಯಲ್ಲಿ ನಾಲ್ಕು ಗೇರು, ಮೊದಲನೆಯದಕ್ಕೆ ಗೇರು ಸದ್ದಿಲ್ಲದೆ ಕೂರಲು ನೆರವಾಗುವ ಸಿಂಕ್ರೋಮೆಶ್ ಇಲ್ಲ. ಹಿಂದಿನ ಆ್ಯಕ್ಸಲ್ ಅನುಪಾತ 5.125. ಅಂದರೆ ಬಹಳ ಗಿಡ್ಡ ಗೇರಿಂಗ್. ಟಾಪ್ ಗೇರಿನಲ್ಲಿ ಗಂಟೆಗೆ 80 ಕಿ.ಮೀ. ಹೋದರೆ ಇಂಜಿನ್ ನಿಮಿಷಕ್ಕೆ ಸುಮಾರು 3,500 ಸುತ್ತು ತಿರುಗುತ್ತಿರುತ್ತದೆ. ಹಾಸನ ದಾಟಿ ಬೆಂಗಳೂರು ಹೈವೇಗೆ ಬಿದ್ದರೆ ಕಿವಿ ತೂತು. ಲಾರಿಯವರು ಹಾರ್ನ್ ಹೊಡೆದು ಹೊಡೆದು ಮುಂದೆ ಹೋಗುತ್ತಾರೆ. ಅದಕ್ಕೇ ಜನ ಫೋರ್ಡಿನ ಐದು ಗೇರಿನ ಬಾಕ್ಸ್ ಹಾಕಿಸುತ್ತಾರೆ. ಇಲ್ಲವೇ ಎಂಜಿಎಯ ಆ್ಯಕ್ಸಲ್ ಒಳಗಿನ ಹಲ್ಲುಚಕ್ರ, 4.3 ಅನುಪಾತದ ಕ್ರೌನ್ ಪಿನಿಯನ್, ಸ್ವಲ್ಪ ಹೊಂದಿಸಿ ಕೂರಿಸುತ್ತಾರೆ. ಹೈವೇಯಲ್ಲಿ ನೆಮ್ಮದಿ.

ಆದರೆ ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿಯುವಾಗ ಅದೇ ಗಿಡ್ಡ ಗೇರು ದೇವರು. ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು. ಸುಮ್ಮನೆ ಕಾಲಿಟ್ಟುಕೊಂಡೇ ಇಳಿದರೆ ಕಾದು ಹಿಡಿಯುವುದೇ ಇಲ್ಲ. ಎರಡನೇ ಗೇರಿಗೆ ಹಾಕಿ ಕಾಲು ತೆಗೆದರೆ ಇಂಜಿನ್ನೇ ಗಾಡಿಯನ್ನು ಹಿಡಿದುಕೊಳ್ಳುತ್ತದೆ, ಎಕ್ಸಾಸ್ಟಿನಲ್ಲಿ ಪಟಪಟ ಸದ್ದು. ವಾಪಸ್ ಹತ್ತುವಾಗ, ಮುಂದಿನ ಬಸ್ಸು ತಿರುವಿನಲ್ಲಿ ನಿಂತುಬಿಟ್ಟರೆ ಓಡುತ್ತಿರುವಾಗಲೇ ಮೊದಲ ಗೇರಿಗೆ ಇಳಿಯಬೇಕು. ಕ್ಲಚ್ ಒತ್ತಿ ನ್ಯೂಟ್ರಲ್, ಕ್ಲಚ್ ಬಿಟ್ಟು ಆಕ್ಸಿಲರೇಟರಿಗೆ ಒಂದು ಒದೆ, ಮತ್ತೆ ಕ್ಲಚ್, ಗೇರು. ಸರಿಯಾದ ಸುತ್ತಿಗೆ ಬಂದಿದ್ದರೆ ಲಿವರ್ ಬೆಣ್ಣೆಗೆ ಬೆರಳು ಇಟ್ಟ ಹಾಗೆ ಒಳಗೆ ಹೋಗುತ್ತದೆ. ಬಂದಿಲ್ಲದಿದ್ದರೆ ಬಸ್ಸಿನವರೆಲ್ಲ ಕಿಟಕಿಯಿಂದ ತಲೆ ಹೊರಗೆ ಹಾಕಿ ನೋಡುವಂಥ ಸದ್ದು. ಈ ಗಾಡಿ ಅಂದರೆ ನನಗೆ ಇದೇ. ಕೈ ಕಾಲಿಗೆ ಸಿಗುವ ಈ ಕೆಲಸ ತೆಗೆದುಹಾಕಿದರೆ ಉಳಿಯುವುದು ಇಬ್ಬರು ಕೂರುವ ಹಸಿರು ತಗಡು. ಹೈವೇಗೆ ನಮ್ಮ ಮನೆಯಲ್ಲಿ ಬೇರೆ ಕಾರಿದೆ.

ಹಾಗಾಗಿ ಸ್ಟೇರಿಂಗು, ಗೇರು, ಪೆಡಲು ಮುಟ್ಟುವುದಿಲ್ಲ. ಗಾಡಿಯೊಳಗಿನ ಪೆಟ್ರೋಲ್ ಪಂಪಿನಲ್ಲಿ ಪಾಯಿಂಟ್ ಬದಲು ಎಲೆಕ್ಟ್ರಾನಿಕ್ ಹಾಕಿಸಿದ್ದೇನೆ. ಹೊರಗಿನ ಡಬ್ಬ ಅದೇ, ಕೀ ತಿರುಗಿಸಿದರೆ ಟಿಕ್ ಟಿಕ್ ಅನ್ನುವುದೂ ಅದೇ, ಕಾರ್ಬುರೇಟರಿನ ಚೇಂಬರ್ ತುಂಬಿದ ಮೇಲೆ ಸುಮ್ಮನಾಗುವುದೂ ಅದೇ. ದಾರಿ ಮಧ್ಯೆ ಚಪ್ಪಲಿ ಬಿಚ್ಚಿ ಪಂಪಿಗೆ ಕುಟ್ಟುವುದೊಂದು ತಪ್ಪಿತು. ಟೈರು ರೇಡಿಯಲ್, ಮಳೆಯಲ್ಲಿ ಹಳೇ ಕ್ರಾಸ್‌ಪ್ಲೈ ನಂಬುವ ಧೈರ್ಯ ನನಗಿಲ್ಲ. ಇಂಡಿಕೇಟರು ಮೊದಲು ಇರಲೇ ಇಲ್ಲ, ಹಾಕಿಸಿದೆ. ಕೈ ಹೊರಗೆ ಚಾಚಿದರೆ ಈಗಿನ ಸ್ಕೂಟರಿನ ಹುಡುಗರು ಟಾಟಾ ಮಾಡುತ್ತಿದ್ದಾನೆ ಅಂದುಕೊಳ್ಳುತ್ತಾರೆ. ಸೀಟ್ ಬೆಲ್ಟಿನ ಬಗ್ಗೆ ಒಂದೇ ಮಾತು: ಮರಕ್ಕೆ ಸ್ಕ್ರೂ ಹೊಡೆದು ಕಟ್ಟಿಸಬೇಡಿ, ಚಾಸಿಗೇ ಬರಬೇಕು.

ಕಾನೂನಿನ ಲೆಕ್ಕ ಬೇರೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಗಟ್ಟಿಯಾಗಿ ಹೇಳಿತು. 2021ರಲ್ಲಿ ವಿಂಟೇಜ್ ಗಾಡಿಗೆ ಅಂತಲೇ ನಿಯಮ ಬಂತು. ಮೊದಲ ನೋಂದಣಿಯಿಂದ 50 ವರ್ಷ ದಾಟಿರಬೇಕು, ಚಾಸಿ, ಬಾಡಿ, ಇಂಜಿನ್‌ನಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಹೊಸದಾಗಿ ಈ ಸಾಲಿನಲ್ಲಿ ನೋಂದಣಿ ಮಾಡಿಸಲು 20,000 ರೂಪಾಯಿ, ನಂಬರಿನಲ್ಲಿ ವಿಎ ಅಂತ ಅಕ್ಷರ, ಹತ್ತು ವರ್ಷದ ಅವಧಿ. ಆದರೆ ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಪ್ರದರ್ಶನ, ರ್ಯಾಲಿ, ರಿಪೇರಿ, ಪೆಟ್ರೋಲ್ ಹಾಕಿಸುವುದು, ಇಷ್ಟಕ್ಕೆ ರಸ್ತೆಗಿಳಿಯಬಹುದು. ಮೇಸ್ತ್ರಿಯ ಅಂಬಾಸಿಡರ್ ಇಂಜಿನ್ ಮಾತು ಅಲ್ಲಿಗೆ ಮುಗಿಯಿತು. ಸಾಗುವಾನಿ ಪಟ್ಟಿಯನ್ನು ಯಾವ ಇನ್ಸ್‌ಪೆಕ್ಟರೂ ರೆಕ್ಸಿನ್ ಬಿಚ್ಚಿ ನೋಡಲಾರ ಅಂತ ನನ್ನ ನಂಬಿಕೆ.

ಸಾಗುವಾನಿಯ ಪರ ಒಂದು ದೊಡ್ಡ ಸಾಕ್ಷಿಯೂ ನನಗೆ ಸಿಕ್ಕಿದೆ. 1929 ಮತ್ತು 1930ರಲ್ಲಿ ಎರಡು ವರ್ಷ ಫ್ರಾನ್ಸಿನ ಲೆ ಮಾನ್ ರೇಸ್ ಗೆದ್ದ ಬೆಂಟ್ಲಿ ಕಾರೊಂದಿದೆ, ಓಲ್ಡ್ ನಂಬರ್ ಒನ್ ಅಂತ ಹೆಸರು. 1932ರಲ್ಲಿ ಬ್ರೂಕ್‌ಲ್ಯಾಂಡ್ಸ್ ಟ್ರ್ಯಾಕಿನಲ್ಲಿ ಅಂಚು ದಾಟಿ ಹಾರಿಬಿದ್ದು ಓಡಿಸುತ್ತಿದ್ದವನು ಸತ್ತ. ಗಾಡಿಯನ್ನು ಮತ್ತೆ ಕಟ್ಟಿದರು, ರೇಸಿನ ಕಾಲದಲ್ಲೂ ಆಮೇಲೂ ಒಂದೊಂದೇ ಭಾಗ ಬದಲಾಗುತ್ತ ಹೋಯಿತು. 1990ರಲ್ಲಿ 1 ಕೋಟಿ ಪೌಂಡಿಗೆ ಮಾತಾಡಿಕೊಂಡಿದ್ದ ಖರೀದಿದಾರರು ಇದು ಆ ಗಾಡಿಯೇ ಅಲ್ಲ ಅಂತ ಹಿಂದೆ ಸರಿದರು. ಲಂಡನ್ನಿನ ಕೋರ್ಟಿನಲ್ಲಿ ಕೇಸು. ರೇಸಿನ ದಿನದ ಬಿಡಿಭಾಗ ಬಹಳ ಕಮ್ಮಿ ಉಳಿದಿತ್ತು. ಆದರೂ ನ್ಯಾಯಾಧೀಶರು ಮಾಲೀಕರ ಪರ ತೀರ್ಪು ಕೊಟ್ಟರು. ಗಾಡಿ ಯಾವತ್ತೂ ಕಳೆದುಹೋಗಿ ಇನ್ನೊಂದಾಗಲಿಲ್ಲ, ಅದರ ಬದುಕು ಎಲ್ಲೂ ತುಂಡಾಗದೆ ಮುಂದುವರಿದಿದೆ, ಆದ್ದರಿಂದ ಅದೇ ಇದು ಅಂತ. ನಮ್ಮ ಟಿಡಿಗೆ ಕೋಟಿ ಪೌಂಡು ಯಾರೂ ಕೊಡುವುದಿಲ್ಲ. ಆದರೆ ಆಬಿಂಗ್ಡನ್ನಿನಲ್ಲಿ ಅದು ಇದ್ದದ್ದು ಕೆಲವು ದಿನ, ನಮ್ಮ ತೋಟದಲ್ಲಿ ಇದ್ದದ್ದು ಒಂದು ಆಯುಸ್ಸು. ಇಂಗ್ಲೆಂಡಿನಿಂದ ಹೊಸ ಆ್ಯಶ್ ತರಿಸಿ ಹಾಕಿದರೆ ಅದು ಈಗಿನ ಕಾಲದಲ್ಲಿ ಕಡಿದ ಮರ, ಈಗಿನವರು ಕೊಯ್ದ ಪಟ್ಟಿ. ಆಚಾರಿಯ ಕೈಕೆಲಸ ಒಲೆಗೆ ಹೋಗುತ್ತದೆ. ಅದನ್ನು ಯಾವ ದೇಶದಿಂದ ತರಿಸಲಿ?

ಚಾರ್ಮಾಡಿ ಇಳಿದರೆ ಧರ್ಮಸ್ಥಳದ ಮಂಜೂಷಾ ಮ್ಯೂಸಿಯಮ್ಮಿನ ಹಳೇ ಕಾರುಗಳಿವೆ, ನೋಡಿಲ್ಲದವರು ನೋಡಿಬನ್ನಿ. ಅಲ್ಲಿನ ಗಾಡಿಗಳಿಗೆ ಬೇರೆ ಧರ್ಮ. ಮಕ್ಕಳಿಗೆ ಹಿಂದಿನ ಕಾಲ ತೋರಿಸುವುದು ಅವುಗಳ ಕೆಲಸ, ಕಾರ್ಖಾನೆಯಿಂದ ಬಂದ ಹಾಗೆ ಇದ್ದಷ್ಟೂ ಒಳ್ಳೆಯದು. ಇನ್ನೊಂದು ತುದಿಯಲ್ಲಿ ಜಾಗ್ವಾರ್ ಕಂಪನಿ ತನ್ನದೇ ಹಳೇ ಇ-ಟೈಪಿಗೆ ಬ್ಯಾಟರಿ ಮೋಟರ್ ತುಂಬಿತು, 2018ರಲ್ಲಿ ಬ್ರಿಟನ್ನಿನ ರಾಜಕುಮಾರ ಹ್ಯಾರಿ ಮದುವೆ ದಿನ ಹೆಂಡತಿಯನ್ನು ಕೂರಿಸಿಕೊಂಡು ಹೋದದ್ದು ಅದರಲ್ಲೇ. ನನ್ನ ತಂಗಿಯ ಮಗನಿಗೆ ಆ ವಿಡಿಯೋ ಬಹಳ ಇಷ್ಟ. "ಮಾಮ, ಮುಂದೆ ಪೆಟ್ರೋಲೇ ಸಿಗದಿದ್ರೆ ಏನ್ ಮಾಡ್ತೀಯ?" ಅಂತ ಕೇಳುತ್ತಾನೆ. ಆಗ ಗಾಡಿ ನಿನ್ನದಾಗಿರುತ್ತೆ, ನೀನೇ ಯೋಚನೆ ಮಾಡು ಅಂತ ಹೇಳಿದ್ದೇನೆ.

ಸದ್ಯಕ್ಕೆ ನನ್ನ ತಲೆನೋವು ಹುಡ್. ಕ್ಯಾನ್ವಾಸ್ ಹೊಲಿಗೆ ಬಿಟ್ಟಿದೆ, ಈ ಮಳೆಗಾಲದ ಒಳಗೆ ಆಗಬೇಕು. ಇಂಗ್ಲೆಂಡಿನಿಂದ ರೆಡಿಮೇಡ್ ಬರುತ್ತದೆ, ಕಸ್ಟಮ್ಸ್ ಸೇರಿದರೆ ಬೆಲೆ ಕೇಳಿ ತಲೆ ತಿರುಗುತ್ತದೆ. ಪೇಟೆಯಲ್ಲಿ ಜೀಪಿಗೆ ಹುಡ್ ಹೊಲಿಯುವವರೊಬ್ಬರಿದ್ದಾರೆ, ಮಲೆನಾಡಿನ ಮಳೆ ತಡೆಯುವುದು ಹೇಗೆ ಅಂತ ಅವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಹಳೇ ಹುಡ್ಡನ್ನೇ ಅಳತೆಗೆ ಕೊಟ್ಟು ಬಂದಿದ್ದೇನೆ. ನಿನ್ನೆ ಫೋನ್ ಮಾಡಿದ್ದರು. "ಸಾರ್, ಹಿಂದಿನ ಕಿಟಕಿ ಭಾಳ ಸಣ್ಣದಿದೆ. ಏನೂ ಕಾಣಲ್ಲ. ಜೀಪಿನ ತರ ಸ್ವಲ್ಪ ದೊಡ್ಡದಾಗಿ ಇಟ್ಟುಬಿಡ್ಲಾ?"

ಇಡಿ ಅಂದೆ.